1966ರ ಗೆರೆ: ಹೆಕ್ಸಾಮೆಥೋನಿಯಂ ಪ್ರಕರಣದಲ್ಲಿ ಸಾಹಿತ್ಯ ಶೋಧ ನಿಂತ ಜಾಗ

2001ರ ಜೂನ್ 2ರಂದು ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಎಲೆನ್ ರೋಶ್ ಎಂಬ 24 ವರ್ಷದ ಯುವತಿ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ತೀರಿಕೊಂಡರು. ಒಂದು ತಿಂಗಳ ಹಿಂದೆ ಅವರು ಆರೋಗ್ಯವಾಗಿದ್ದರು. ಹಾಗೆ ಆರೋಗ್ಯವಾಗಿದ್ದುದರಿಂದಲೇ ಈ ಕಥೆಯೊಳಗೆ ಬಂದರು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಆಸ್ತಮಾ ಮತ್ತು ಅಲರ್ಜಿ ಕೇಂದ್ರದಲ್ಲಿ ಪ್ರಯೋಗಾಲಯ ಸಹಾಯಕಿಯಾಗಿದ್ದ ಅವರು ಅಲ್ಲಿನ ಸಂಶೋಧನೆಯೊಂದಕ್ಕೆ ಆರೋಗ್ಯವಂತ ಸ್ವಯಂಸೇವಕಿಯಾಗಿ ಹೆಸರು ಕೊಟ್ಟಿದ್ದರು. ಮೇ 4ರಂದು ಹೆಕ್ಸಾಮೆಥೋನಿಯಂ ಎಂಬ ರಾಸಾಯನಿಕವನ್ನು, ಸುಮಾರು ಒಂದು ಗ್ರಾಂನಷ್ಟು, ಉಸಿರಿನೊಂದಿಗೆ ಒಳಗೆಳೆದುಕೊಂಡರು. ಮರುದಿನವೇ ಒಣಕೆಮ್ಮು ಶುರುವಾಯಿತು. ಮೇ 9ರಂದು ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು, 12ರಂದು ತೀವ್ರ ನಿಗಾ ಘಟಕಕ್ಕೆ ಸಾಗಿಸಬೇಕಾಯಿತು. ಅಲ್ಲಿಂದ ಅವರು ಮರಳಲಿಲ್ಲ.

ಈ ಪ್ರಕರಣವನ್ನು ವೈದ್ಯಕೀಯ ನೀತಿಶಾಸ್ತ್ರದವರು ಒಪ್ಪಿಗೆ ಪತ್ರದ ಲೋಪಕ್ಕಾಗಿ, ಔಷಧ ನಿಯಂತ್ರಣದವರು ಪರವಾನಗಿಯ ಲೋಪಕ್ಕಾಗಿ ಚರ್ಚಿಸುತ್ತಾರೆ. ವೈದ್ಯಕೀಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೂತು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ದತ್ತಸಂಚಯಗಳಲ್ಲಿ (ಡೇಟಾಬೇಸ್) ಹುಡುಕುವುದನ್ನು ಹೇಳಿಕೊಡುವ ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಮೂರನೆಯ ಎಳೆ. ಪ್ರಯೋಗಕ್ಕೆ ಮುನ್ನ ಸಂಶೋಧಕರು ಸಾಹಿತ್ಯ ಶೋಧ, ಅಂದರೆ ಆ ವಿಷಯದ ಮೇಲೆ ಹಿಂದೆ ಪ್ರಕಟವಾದ ಲೇಖನಗಳ ಹುಡುಕಾಟ, ನಡೆಸಿದ್ದರು. ಆ ಶೋಧಕ್ಕೆ ಅಪಾಯ ಕಾಣಿಸಲಿಲ್ಲ. ಅಪಾಯವನ್ನು ಕುರಿತ ಬರಹಗಳಾದರೋ ಅರ್ಧ ಶತಮಾನದಿಂದ ಅಚ್ಚಾಗಿ ಕೂತಿದ್ದವು. ನಮ್ಮ ವೃತ್ತಿಯಲ್ಲಿ ಈ ಕಥೆಯನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುವ ರೂಢಿಯಿದೆ: ವೈದ್ಯಕೀಯ ಲೇಖನಗಳ ದತ್ತಸಂಚಯವಾದ ಪಬ್‌ಮೆಡ್ 1966ರಿಂದ ಆರಂಭವಾಗುತ್ತಿತ್ತು, ಬೇಕಾದ ಲೇಖನಗಳು ಅದಕ್ಕಿಂತ ಹಳೆಯವು, ಆದ್ದರಿಂದ ತಪ್ಪಿಹೋಯಿತು. ಈ ವಾಕ್ಯದಲ್ಲಿ ಸುಳ್ಳಿಲ್ಲ. ಆದರೆ ಅರ್ಧ ಕಥೆ ಅದರ ಹೊರಗೇ ಉಳಿದಿದೆ.

ಪ್ರಯೋಗ ಮತ್ತು ರಾಸಾಯನಿಕ

ಆರೋಗ್ಯವಂತರು ದೀರ್ಘವಾಗಿ ಉಸಿರೆಳೆದುಕೊಂಡಾಗ ಬಿಗಿದಿದ್ದ ಶ್ವಾಸನಾಳಗಳು ಸಡಿಲಗೊಳ್ಳುತ್ತವೆ. ಆಸ್ತಮಾ ಇರುವವರಲ್ಲಿ ಈ ಸ್ವಾಭಾವಿಕ ರಕ್ಷಣೆ ಕುಂದಿರುತ್ತದೆ. ಈ ಸಡಿಲಿಕೆಯ ಹಿಂದೆ ನರಗಳ ಕೈವಾಡವಿದೆಯೇ ಎಂದು ತಿಳಿಯುವುದು ಸಂಶೋಧನೆಯ ಉದ್ದೇಶವಾಗಿತ್ತು. ಅದಕ್ಕಾಗಿ ನರಗಂಟುಗಳಲ್ಲಿ ಸಂದೇಶ ಸಾಗದಂತೆ ತಡೆಯುವ ಹೆಕ್ಸಾಮೆಥೋನಿಯಂ ಅನ್ನು ಆರಿಸಿಕೊಳ್ಳಲಾಯಿತು. ಇದೇನೂ ಹೊಸ ವಸ್ತುವಲ್ಲ. 1950ರ ದಶಕದಲ್ಲಿ ತೀವ್ರ ರಕ್ತದೊತ್ತಡಕ್ಕೆ ಸಿಗುತ್ತಿದ್ದ ಕೆಲವೇ ಔಷಧಗಳಲ್ಲಿ ಇದೂ ಒಂದು. ತಲೆಸುತ್ತು, ಮಲಬದ್ಧತೆ, ಕಣ್ಣು ಮಂಜಾಗುವುದು ಮುಂತಾದ ತೊಂದರೆಗಳನ್ನು ಕೊಡುತ್ತಿದ್ದ ಇದನ್ನು, ದಶಕದ ಕೊನೆಗೆ ಥಯಾಜೈಡ್ ಗುಂಪಿನ ಸುಲಭ ಔಷಧಗಳು ಬಂದಾಗ ವೈದ್ಯರು ಬೇಗನೆ ಕೈಬಿಟ್ಟರು. 1972ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಇದರ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. 2001ರ ಹೊತ್ತಿಗೆ ಇದು ಪ್ರಯೋಗಾಲಯದ ಕೆಲಸಕ್ಕೆಂದು ಮಾರಾಟವಾಗುವ ರಾಸಾಯನಿಕವಾಗಿ ಮಾತ್ರ ಉಳಿದಿತ್ತು.

ಒಂದು ಔಷಧ ಬಳಕೆಯಿಂದ ಹೋದಾಗ ಅದರ ಬಗೆಗಿನ ಅನುಭವವೂ ಅದರ ಜೊತೆಗೇ ಹೋಗುತ್ತದೆ. ಅದನ್ನು ಬರೆದುಕೊಟ್ಟ ವೈದ್ಯರು ನಿವೃತ್ತರಾಗುತ್ತಾರೆ, ಪಠ್ಯಪುಸ್ತಕದ ಹೊಸ ಆವೃತ್ತಿಯಲ್ಲಿ ಅದರ ಪುಟ ಒಂದು ಪ್ಯಾರಾಕ್ಕೆ ಇಳಿಯುತ್ತದೆ, ಮುಂದಿನ ಆವೃತ್ತಿಯಲ್ಲಿ ಒಂದು ಸಾಲಿಗೆ. ಉಳಿಯುವುದು ಅದು ನರಗಂಟನ್ನು ತಡೆಯುತ್ತದೆ ಎಂಬ ಶಾರೀರ ವಿಜ್ಞಾನದ ಜ್ಞಾನ ಮಾತ್ರ, ಏಕೆಂದರೆ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಬಳಕೆಯಲ್ಲಿರುತ್ತದೆ. ದತ್ತಸಂಚಯದಲ್ಲೂ ಹೀಗೆಯೇ ಆಗುತ್ತದೆ: ಹೆಕ್ಸಾಮೆಥೋನಿಯಂ ಎಂದು ಟೈಪ್ ಮಾಡಿದರೆ ಮೇಲೆ ಬರುವ ನೂರಾರು ದಾಖಲೆಗಳು ಇಲಿ, ಗಿನಿಯಿಲಿ, ಕರುಳಿನ ತುಂಡುಗಳನ್ನು ಕುರಿತವು. ಆ ರಾಶಿಯಲ್ಲಿ ಮನುಷ್ಯರಿಗೆ ಆದ ತೊಂದರೆಯ ಸುದ್ದಿ ಇದ್ದರೂ ಕಣ್ಣಿಗೆ ಬೀಳುವುದು ಕಷ್ಟ.

ಪ್ರಯೋಗದ ಈ ಹಂತಕ್ಕೆ ಬಂದ ಸ್ವಯಂಸೇವಕರಲ್ಲಿ ರೋಶ್ ಮೂರನೆಯವರು. ಮೊದಲನೆಯವರಿಗೂ ಕೆಮ್ಮು ಮತ್ತು ಏದುಸಿರು ಬಂದು ಸುಮಾರು ಒಂದು ವಾರದಲ್ಲಿ ಇಳಿದಿತ್ತು. ಆಗ ಹಬ್ಬಿದ್ದ ನೆಗಡಿ ಜ್ವರವೋ, ದ್ರಾವಣದ ಆಮ್ಲೀಯತೆಯೋ ಕಾರಣವಿರಬಹುದೆಂದು ಎಣಿಸಿ, ಮುಂದಿನವರಿಗೆ ದ್ರಾವಣಕ್ಕೆ ಸೋಡಿಯಂ ಬೈಕಾರ್ಬನೇಟ್ ಸೇರಿಸಲಾಯಿತು. ಆ ಕೆಮ್ಮಿನ ವಿಷಯ ಸಂಸ್ಥೆಯ ನೈತಿಕ ಸಮಿತಿಗೆ ಆಗ ವರದಿಯಾಗಲಿಲ್ಲ. ಎರಡನೆಯವರಿಗೆ ಏನೂ ಆಗಲಿಲ್ಲ.

ನಡೆದ ಶೋಧ

ಸಂಶೋಧಕರು ಪಬ್‌ಮೆಡ್‌ನಲ್ಲಿ ಹುಡುಕಿದ್ದರು, ಪ್ರಮಾಣಿತ ಪಠ್ಯಪುಸ್ತಕವನ್ನೂ ನೋಡಿದ್ದರು. ಸುರಕ್ಷತೆಗೆ ಆಧಾರವಾಗಿ ಅವರಿಗೆ ಸಿಕ್ಕದ್ದು ನಾಲ್ಕು ಪ್ರಕಟಿತ ಲೇಖನಗಳು. ಅವುಗಳಲ್ಲಿ ಒಟ್ಟು 20 ಮಂದಿ ಹೆಕ್ಸಾಮೆಥೋನಿಯಂ ಅನ್ನು ಉಸಿರಿನ ಮೂಲಕ ತೆಗೆದುಕೊಂಡಿದ್ದರು. ಗಂಭೀರ ತೊಂದರೆಯ ಉಲ್ಲೇಖ ಇರಲಿಲ್ಲ.

ಈ 20 ಎಂಬ ಅಂಕಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. 20 ಜನರಲ್ಲಿ ಯಾರಿಗೂ ತೊಂದರೆಯಾಗಲಿಲ್ಲ ಎಂದರೆ ತೊಂದರೆಯ ಪ್ರಮಾಣ ಸೊನ್ನೆ ಎಂದಾಗುವುದಿಲ್ಲ. ಸಂಖ್ಯಾಶಾಸ್ತ್ರದವರು ಬಳಸುವ ಸರಳ ಲೆಕ್ಕವೊಂದಿದೆ: ಮೂರನ್ನು ಜನರ ಸಂಖ್ಯೆಯಿಂದ ಭಾಗಿಸಿದರೆ ಶೇಕಡಾ 95ರ ವಿಶ್ವಾಸದ ಮೇಲಿನ ಮಿತಿ ಸರಿಸುಮಾರಾಗಿ ದೊರೆಯುತ್ತದೆ. ಮೂರನ್ನು ಇಪ್ಪತ್ತರಿಂದ ಭಾಗಿಸಿದರೆ ಶೇಕಡಾ 15. ಅಂದರೆ ಏಳು ಜನರಲ್ಲಿ ಒಬ್ಬರಿಗೆ ಹಾನಿ ಮಾಡುವ ವಸ್ತುವೂ 20 ಜನರ ಅಧ್ಯಯನದಲ್ಲಿ ನಿರಪರಾಧಿಯಂತೆ ಕಂಡು ಪಾರಾಗಬಹುದು. ನಾಲ್ಕು ಲೇಖನ ಸಿಕ್ಕಿದವು ಎಂಬಲ್ಲಿಗೆ ಶೋಧ ಮುಗಿಯುವಂತಿರಲಿಲ್ಲ. ಅಷ್ಟೇ ಸಿಕ್ಕಿತು ಎಂಬುದೇ ಇನ್ನೊಂದು ಕಡೆ ಹುಡುಕಲು ಕಾರಣವಾಗಬೇಕಿತ್ತು.

ಇನ್ನು 1966ರ ವಿಚಾರ. ಈ ಗಡಿಗೆ ವೈದ್ಯಕೀಯ ಕಾರಣವೇನೂ ಇರಲಿಲ್ಲ, ಅದು ಗಣಕಯಂತ್ರದ ಚರಿತ್ರೆಯಿಂದ ಬಂದದ್ದು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1879ರಿಂದ ಇಂಡೆಕ್ಸ್ ಮೆಡಿಕಸ್ ಎಂಬ ಮುದ್ರಿತ ಸೂಚಿಯ ಪರಂಪರೆಯನ್ನು ಹೊತ್ತು ಬಂದಿತ್ತು. 1964ರಲ್ಲಿ ಮೆಡ್‌ಲಾರ್ಸ್ ಎಂಬ ವ್ಯವಸ್ಥೆ ಆ ಸೂಚಿಯನ್ನು ಗಣಕದಿಂದ ಅಚ್ಚಿಗೆ ಸಿದ್ಧಪಡಿಸತೊಡಗಿತು. 1971ರಲ್ಲಿ ಅದರ ದೂರಸಂಪರ್ಕ ರೂಪವಾಗಿ ಮೆಡ್‌ಲೈನ್ ಬಂತು. 1997ರಲ್ಲಿ ಅದನ್ನು ಯಾರು ಬೇಕಾದರೂ ಉಚಿತವಾಗಿ ಬಳಸುವಂತೆ ಪಬ್‌ಮೆಡ್ ತೆರೆದುಕೊಂಡಿತು. ಗಣಕದ ಟೇಪಿನಲ್ಲಿ 1966ರಿಂದ ಈಚಿನ ದಾಖಲೆಗಳು ಇದ್ದುದರಿಂದ ಪಬ್‌ಮೆಡ್ ಕೂಡ ಅಲ್ಲಿಂದಲೇ ಶುರುವಾಯಿತು. ಅದಕ್ಕೂ ಹಿಂದಿನ ಕೆಲವು ವರ್ಷಗಳ ದಾಖಲೆಗಳನ್ನು ಗ್ರಂಥಾಲಯ ಪ್ರತ್ಯೇಕ ಕಡತವಾಗಿ ಗಣಕಕ್ಕೆ ಏರಿಸುತ್ತಿತ್ತಾದರೂ ಅವು ಆಗಿನ್ನೂ ಪಬ್‌ಮೆಡ್‌ನೊಳಗೆ ಬೆರೆತಿರಲಿಲ್ಲ. 1950ರ ದಶಕದ ಲೇಖನ ಬೇಕಾದವರು ಗ್ರಂಥಾಲಯಕ್ಕೆ ಹೋಗಿ, 1956ರವರೆಗೆ ಬಂದ ಕ್ವಾರ್ಟರ್ಲಿ ಕ್ಯುಮುಲೇಟಿವ್ ಇಂಡೆಕ್ಸ್ ಮೆಡಿಕಸ್‌ನ ದಪ್ಪ ಸಂಪುಟಗಳನ್ನೋ, 1959ರವರೆಗೆ ನಡೆದ ಕರೆಂಟ್ ಲಿಸ್ಟ್ ಅನ್ನೋ ಕೆಳಗಿಳಿಸಿ, ಬೆರಳಿಟ್ಟು ಸಾಲು ಸಾಲಾಗಿ ಓದಬೇಕಿತ್ತು. ಆ ಕಾಲದ ಸೂಚಿಕಾರರು ಈ ಔಷಧವನ್ನು ಮೆಥೋನಿಯಂ ಸಂಯುಕ್ತಗಳು ಎಂಬ ಕುಟುಂಬದ ಹೆಸರಿನಡಿ ಇಡುತ್ತಿದ್ದುದರಿಂದ, ಎಚ್ ಅಕ್ಷರದ ಕೆಳಗೆ ಹುಡುಕಿದವರಿಗೆ ಅಲ್ಲೂ ನಿರಾಸೆಯಾಗುವ ಸಾಧ್ಯತೆ ಇತ್ತು.

ಪರದೆಯ ಮೇಲೆ ಈ ಗಡಿ ಎದ್ದು ಕಾಣುವುದಿಲ್ಲ. ಮುದ್ರಿತ ಸಂಪುಟದ ಬೆನ್ನ ಮೇಲೆ ವರ್ಷ ಇರುತ್ತದೆ. ಕಪಾಟಿನ ಮುಂದೆ ನಿಂತವನಿಗೆ ತಾನು ಎಷ್ಟು ನೋಡಿದೆ, ಎಷ್ಟು ನೋಡಲಿಲ್ಲ ಎಂಬುದು ಭುಜದ ನೋವಿನಿಂದಲೇ ತಿಳಿಯುತ್ತದೆ. ಶೋಧಪೆಟ್ಟಿಗೆಗೆ ಬೆನ್ನಿಲ್ಲ.

ಗೆರೆಯ ಆಚೆ ಇದ್ದದ್ದು

1954ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಲಂಡನ್ನಿನ ಮೂವರು ವೈದ್ಯರ ಲೇಖನ ಬಂದಿತ್ತು. ರಕ್ತದೊತ್ತಡಕ್ಕೆ ಹೆಕ್ಸಾಮೆಥೋನಿಯಂ ಕೊಡುವಾಗ ಶ್ವಾಸಕೋಶದಲ್ಲಿ ಕಂಡ ಬದಲಾವಣೆಗಳು ಎಂಬುದೇ ಅದರ ಶೀರ್ಷಿಕೆ. 1957ರಲ್ಲಿ ಅಮೆರಿಕನ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಸೇಂಟ್ ಲೂಯಿಸ್‌ನ ತಂಡವೊಂದು ಇದೇ ಗುಂಪಿನ ಔಷಧಗಳನ್ನು ದೀರ್ಘಕಾಲ ತೆಗೆದುಕೊಂಡವರ ಶ್ವಾಸಕೋಶದ ಕಾಯಿಲೆಯನ್ನು ವಿವರವಾಗಿ ಬರೆದಿತ್ತು: ಏರುತ್ತ ಹೋಗುವ ಏದುಸಿರು, ಎಕ್ಸ್-ರೇಯಲ್ಲಿ ನೆರಳು, ಮರಣೋತ್ತರ ಪರೀಕ್ಷೆಯಲ್ಲಿ ಗಾಳಿಗೂಡುಗಳೊಳಗೆ ಫೈಬ್ರಿನ್ ತುಂಬಿ ನಾರುಗಟ್ಟಿದ ಅಂಗಾಂಶ. ಹೆಕ್ಸಾಮೆಥೋನಿಯಂ ಲಂಗ್ ಎಂಬ ಹೆಸರೇ ಆ ದಶಕದ ಬರಹಗಳಲ್ಲಿ ಚಾಲ್ತಿಗೆ ಬಂದಿತ್ತು.

ಈ ಎರಡು ಶೀರ್ಷಿಕೆಗಳನ್ನು ನಾನು ತರಗತಿಯಲ್ಲಿ ಪಕ್ಕಪಕ್ಕದಲ್ಲಿ ಬರೆದು ತೋರಿಸುತ್ತೇನೆ. 1954ರದ್ದರಲ್ಲಿ ಹೆಕ್ಸಾಮೆಥೋನಿಯಂ ಎಂಬ ಪದವಿದೆ, ಲಂಗ್ ಎಂಬ ಪದವಿದೆ. 1957ರ ಲೇಖನದ ಶೀರ್ಷಿಕೆಯಲ್ಲಿ ಎರಡೂ ಇಲ್ಲ! ಅಲ್ಲಿರುವುದು ಪಲ್ಮನರಿ ಡಿಸೀಸ್ (ಶ್ವಾಸಕೋಶದ ಕಾಯಿಲೆ). ಔಷಧದ ಹೆಸರಿನ ಜಾಗದಲ್ಲಿ ರಾಸಾಯನಿಕ ಗ್ಯಾಂಗ್ಲಿಯಾನಿಕ್ (ನರಗಂಟಿನ) ತಡೆ ಎಂಬ ಅರ್ಥದ ಮಾತು. ಹಳೆಯ ದಾಖಲೆಗಳಿಗೆ ಸಾರಾಂಶ ಇರುವುದಿಲ್ಲ. ಶೀರ್ಷಿಕೆ ಮತ್ತು ಸೂಚಿಕಾರರು ಅಂಟಿಸಿದ ಪದಗಳು ಮಾತ್ರ. ಹೀಗಿರುವಾಗ, 1966ರ ಗೆರೆಯನ್ನು ಒರೆಸಿಹಾಕಿದರೂ, ಕೇವಲ ಹೆಕ್ಸಾಮೆಥೋನಿಯಂ ಮತ್ತು ಲಂಗ್ ಎಂಬ ಎರಡು ಪದಗಳನ್ನು ಶೀರ್ಷಿಕೆಗಳಲ್ಲಿ ಹುಡುಕುವವನಿಗೆ ಎರಡರಲ್ಲಿ ಹೆಚ್ಚು ವಿವರವಾದ ಲೇಖನವೇ ಸಿಗುವುದಿಲ್ಲ. ಅಡ್ಡಿ ವರ್ಷದ್ದಷ್ಟೇ ಆಗಿರಲಿಲ್ಲ, ಪದದ್ದೂ ಆಗಿತ್ತು.

ಗೆರೆಯ ಈಚೆಯೂ ಸುಳಿವಿತ್ತು ಎಂಬುದು ಇದಕ್ಕಿಂತ ಮುಖ್ಯ. ರೋಶ್ ಸಾವಿನ ನಂತರ, 2001ರ ಜುಲೈ 19ರಂದು, ಮಾನವ ಸಂಶೋಧನೆಯ ಮೇಲ್ವಿಚಾರಣೆ ನಡೆಸುವ ಅಮೆರಿಕ ಸರ್ಕಾರದ ಕಚೇರಿ ಹಾಪ್‌ಕಿನ್ಸ್‌ನಲ್ಲಿ ಸರ್ಕಾರಿ ಅನುದಾನದಿಂದ ನಡೆಯುತ್ತಿದ್ದ ಮಾನವ ಸಂಶೋಧನೆಗಳನ್ನು ಹೆಚ್ಚುಕಡಿಮೆ ಒಟ್ಟಾಗಿಯೇ ತಡೆಹಿಡಿಯಿತು; ಕೆಲವೇ ದಿನಗಳಲ್ಲಿ ಷರತ್ತುಗಳೊಂದಿಗೆ ತೆರವುಗೊಳಿಸಿತು. ಆ ಕಚೇರಿಯ ಪತ್ರ ಹೆಕ್ಸಾಮೆಥೋನಿಯಂನ ಶ್ವಾಸಕೋಶದ ಹಾನಿಯ ಬಗೆಗಿನ ಮಾಹಿತಿ ಮಾಮೂಲಿ ಮೆಡ್‌ಲೈನ್ ಶೋಧದಲ್ಲಿ, ಅಂತರ್ಜಾಲದ ಹುಡುಕಾಟದಲ್ಲಿ ಮತ್ತು ಇತ್ತೀಚಿನ ಶ್ವಾಸಕೋಶ ರೋಗಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಸುಲಭವಾಗಿ ದೊರೆಯುವಂತಿತ್ತು ಎಂದು ಹೇಳಿತು. ಇದು 1966ರ ಗೆರೆಯ ಕಥೆಗೆ ಒಗ್ಗದ ಮಾತು. ಹೇಗೆ ದೊರೆಯುವಂತಿತ್ತು ಎಂದರೆ, ಔಷಧಗಳಿಂದ ಬರುವ ಶ್ವಾಸಕೋಶ ರೋಗಗಳನ್ನು ಕುರಿತು 1970ರ ದಶಕದಿಂದ ಬಂದ ಸಮೀಕ್ಷಾ ಲೇಖನಗಳು ಗ್ಯಾಂಗ್ಲಿಯಾನ್ ತಡೆಯುವ ಔಷಧಗಳನ್ನು ತಮ್ಮ ಪಟ್ಟಿಯಲ್ಲಿ ಇಟ್ಟುಕೊಂಡೇ ಬಂದಿದ್ದವು. ಅಂಥ ಸಮೀಕ್ಷೆಯ ಕೊನೆಯಲ್ಲಿರುವ ಉಲ್ಲೇಖಗಳ ಪಟ್ಟಿ 1950ರ ದಶಕಕ್ಕೆ ನೇರ ದಾರಿ. ಆದರೆ ಆ ಸಮೀಕ್ಷೆಯ ಶೀರ್ಷಿಕೆಯಲ್ಲಾಗಲಿ ಸಾರಾಂಶದಲ್ಲಾಗಲಿ ಹೆಕ್ಸಾಮೆಥೋನಿಯಂ ಎಂಬ ಪದ ಇರಬೇಕೆಂದಿಲ್ಲ, ಹತ್ತಾರು ಔಷಧಗಳ ನಡುವೆ ಅದೊಂದು. ಆದ್ದರಿಂದ ಔಷಧದ ಹೆಸರಿನಿಂದ ಹೊರಟವನಿಗೆ ಅದು ಸಿಗುವುದಿಲ್ಲ. ಔಷಧಗಳಿಂದ ಶ್ವಾಸಕೋಶಕ್ಕೆ ಏನೇನಾಗಬಹುದು ಎಂಬ ಪ್ರಶ್ನೆಯಿಂದ ಹೊರಟವನಿಗೆ ಸಿಗುತ್ತದೆ.

ನನ್ನ ಮಟ್ಟಿಗೆ ಪ್ರಕರಣದ ಗಂಟು ಇರುವುದು ಇಲ್ಲಿ. ಸಂಶೋಧಕರ ಪ್ರಶ್ನೆ ಈ ವಸ್ತುವನ್ನು ಉಸಿರಿನ ಮೂಲಕ ಕೊಟ್ಟವರಿದ್ದಾರೆಯೇ ಎಂಬುದಾಗಿತ್ತೆಂದು ಅವರಿಗೆ ಸಿಕ್ಕ ನಾಲ್ಕು ಲೇಖನಗಳಿಂದ ಊಹಿಸಬಹುದು. ಅದಕ್ಕೆ ಉತ್ತರ ಸಿಕ್ಕಿತು, ಸರಿಯಾದ ಉತ್ತರವೇ ಸಿಕ್ಕಿತು. ಈ ವಸ್ತು ಮನುಷ್ಯನ ಶ್ವಾಸಕೋಶಕ್ಕೆ ಯಾವ ದಾರಿಯಿಂದಲಾದರೂ ಹಾನಿ ಮಾಡಿದ್ದುಂಟೇ ಎಂಬುದು ಬೇರೆಯದೇ ಪ್ರಶ್ನೆ, ಅದಕ್ಕೆ ಬೇರೆಯದೇ ಶೋಧ ಬೇಕು. ಬಳಸುವ ವಿಧಾನವನ್ನು ಹುಡುಕುವ ಶೋಧದಲ್ಲಿ ಹಾನಿಯೂ ತಾನಾಗಿ ಸಿಕ್ಕೀತೆಂಬ ನಂಬಿಕೆ ಇಂದಿಗೂ ಎಲ್ಲೆಡೆ ಇದೆ. ನನ್ನ ಮೇಜಿಗೆ ಬರುವ ಸಂಶೋಧನಾ ಪ್ರಸ್ತಾವಗಳಲ್ಲಿ ಪ್ರತಿ ವರ್ಷವೂ ನೋಡುತ್ತೇನೆ.

ಇಂದು ಅದೇ ಶೋಧ

ಪಬ್‌ಮೆಡ್‌ನ ಮೆಡ್‌ಲೈನ್ ದಾಖಲೆಗಳು ಈಗ 1946ರವರೆಗೆ ಹಿಂದಕ್ಕೆ ಹೋಗಿವೆ. ಹಾಗಾಗಿ 1954 ಮತ್ತು 1957ರ ಲೇಖನಗಳೆರಡನ್ನೂ ಕುರ್ಚಿಯಿಂದ ಏಳದೆ ತಲುಪಬಹುದು. ಆದರೂ ಪೆಟ್ಟಿಗೆಯಲ್ಲಿ ಪದ ಹಾಕಿದಾಗ ಒಳಗೆ ಏನು ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು.

ಹೆಕ್ಸಾಮೆಥೋನಿಯಂ ಲಂಗ್ ಎಂದು ಉದ್ಧರಣ ಚಿಹ್ನೆಯಿಲ್ಲದೆ ಬರೆದು ಹುಡುಕಿ, ನಂತರ ಅಡ್ವಾನ್ಸ್‌ಡ್ ಎಂಬ ಪುಟಕ್ಕೆ ಹೋಗಿ ಶೋಧದ ವಿವರವನ್ನು ಬಿಚ್ಚಿದರೆ, ಯಂತ್ರ ನಮ್ಮ ಎರಡು ಪದಗಳನ್ನು ಹೇಗೆ ಅರ್ಥಮಾಡಿಕೊಂಡಿತೆಂದು ಕಾಣುತ್ತದೆ. ಲಂಗ್ ಎಂಬುದನ್ನು ಅದು ಎರಡು ಬಗೆಯಲ್ಲಿ ಹುಡುಕುತ್ತದೆ: ಒಂದು, ಮೆಶ್ ಎಂಬ ನಿಯಂತ್ರಿತ ಪದಕೋಶದಲ್ಲಿ ಲಂಗ್ ಎಂಬ ವಿಷಯ ಶೀರ್ಷಿಕೆಯಾಗಿ, ಇನ್ನೊಂದು, ದಾಖಲೆಯ ಯಾವುದೇ ಭಾಗದಲ್ಲಿ ಬರುವ ಪದವಾಗಿ. ಮೆಶ್ ಒಂದು ಮರದಂತೆ ಕವಲೊಡೆದ ವ್ಯವಸ್ಥೆ. ಮೇಲಿನ ಕೊಂಬೆಯನ್ನು ಹಿಡಿದರೆ ಕೆಳಗಿನ ರೆಂಬೆಗಳೂ ಬರುತ್ತವೆ. ಆದರೆ ಲಂಗ್ ಎಂಬುದು ಅಂಗರಚನೆಯ ಮರದಲ್ಲಿದೆ, ಶ್ವಾಸಕೋಶದ ಕಾಯಿಲೆಗಳು ರೋಗಗಳ ಮರದಲ್ಲಿವೆ. ಒಂದನ್ನು ಅಲುಗಿಸಿದರೆ ಇನ್ನೊಂದರ ಹಣ್ಣು ಉದುರುವುದಿಲ್ಲ. ಪಲ್ಮನರಿ ಫೈಬ್ರೋಸಿಸ್ ಎಂಬ ಶೀರ್ಷಿಕೆಯನ್ನು ಮಾತ್ರ ಅಂಟಿಸಿಕೊಂಡ, ತನ್ನ ಮಾತಿನಲ್ಲಿ ಎಲ್ಲೂ ಲಂಗ್ ಎನ್ನದೆ ಪಲ್ಮನರಿ ಎಂದೇ ಹೇಳುವ ದಾಖಲೆ ಈ ಶೋಧದಿಂದ ಜಾರಿಹೋಗುತ್ತದೆ. ಅದಕ್ಕೇ ಲಂಗ್, ಪಲ್ಮನರಿ, ನ್ಯುಮೋನೈಟಿಸ್, ಫೈಬ್ರೋಸಿಸ್, ಅಲ್ವಿಯೊಲೈಟಿಸ್ ಇವುಗಳನ್ನು ಆರ್ (ಅಥವಾ) ಎಂಬ ಸಂಯೋಜಕದಿಂದ ಜೋಡಿಸಿ ಒಂದು ಕಂತೆ ಮಾಡಬೇಕು. ಊತ ಎಂಬರ್ಥದ ಎಡಿಮಾ ಎಂಬ ಪದವನ್ನು ಲಂಡನ್ನಿನವರು ಒಂದು ಬಗೆಯಲ್ಲಿ, ಅಮೆರಿಕದವರು ಇನ್ನೊಂದು ಬಗೆಯಲ್ಲಿ ಬರೆಯುವುದರಿಂದ ಎರಡು ಕಾಗುಣಿತವನ್ನೂ ಸೇರಿಸಬೇಕು.

ಔಷಧದ ಕಡೆಯ ಕಂತೆಯೂ ಹೀಗೆಯೇ ಬೆಳೆಯುತ್ತದೆ: ಹೆಕ್ಸಾಮೆಥೋನಿಯಂ, ಹಳಬರು ಬಳಸುತ್ತಿದ್ದ ಸಿ-6 ಎಂಬ ಸಂಕೇತ, ಬ್ರಿಟನ್ನಿನ ವೆಗೊಲಿಸೆನ್ ಎಂಬ ಮಾರುಕಟ್ಟೆ ಹೆಸರು, ಮೆಥೋನಿಯಂ ಸಂಯುಕ್ತಗಳು, ಅದರ ಜೊತೆಗೆ ಗ್ಯಾಂಗ್ಲಿಯಾನಿಕ್ ಬ್ಲಾಕರ್ಸ್ ಎಂಬ ಗುಂಪಿನ ಹೆಸರು. ಗುಂಪಿನ ಹೆಸರು ಬೇಕೇ ಬೇಕು, ಏಕೆಂದರೆ ಇದೇ ಕೆಲಸ ಮಾಡುವ ಮೆಕಾಮಿಲಮಿನ್, ಪೆಂಟೊಲಿನಿಯಂಗಳ ಹಾನಿಯೂ ನಮಗೆ ಎಚ್ಚರಿಕೆಯೇ. ಈ ಕಂತೆ ಸೇರಿಸಿದ ಮೇಲೆ 1957ರ ಲೇಖನ ತಪ್ಪಿಸಿಕೊಳ್ಳುವುದು ಕಷ್ಟ. ಇಷ್ಟಾದ ಮೇಲೂ, ಮೆಶ್‌ನಲ್ಲಿ ಪ್ರತಿಕೂಲ ಪರಿಣಾಮ ಮತ್ತು ವಿಷತ್ವ ಎಂಬ ಉಪಶೀರ್ಷಿಕೆಗಳನ್ನು ಔಷಧದ ಹೆಸರಿಗೆ ಕಟ್ಟಿ, ಶ್ವಾಸಕೋಶದ ಮಾತನ್ನೇ ಎತ್ತದೆ ಇನ್ನೊಂದು ಶೋಧ ಮಾಡುವುದು ನನ್ನ ಅಭ್ಯಾಸ. ಯಾವ ಅಂಗಕ್ಕೆ ಹಾನಿಯಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಹುಡುಕುವ ಅಗತ್ಯವೇ ಇರುತ್ತಿರಲಿಲ್ಲ.

ಪಬ್‌ಮೆಡ್ ಒಂದೇ ಸಾಲದು. ಯುರೋಪಿನ ಎಂಬೇಸ್ ಎಂಬ ದತ್ತಸಂಚಯ ಔಷಧ ಸಾಹಿತ್ಯದಲ್ಲಿ ಹೆಚ್ಚು ಶ್ರೀಮಂತ, ಅದರ ಹಳೆಯ ಕಡತ 1947ರವರೆಗೆ ಹೋಗುತ್ತದೆ. ಆದರೆ ಚಂದಾ ದುಬಾರಿಯಾದ್ದರಿಂದ ನಮ್ಮಂಥ ಬಹುಪಾಲು ಕಾಲೇಜುಗಳಿಗೆ ಎಟುಕುವುದಿಲ್ಲ. ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್ 1907ರಿಂದ ಇದೆ. ಉಲ್ಲೇಖ ಸೂಚಿಗಳ ದಾರಿ ಬೇರೆಯೇ: 1957ರ ಲೇಖನ ಕೈಗೆ ಸಿಕ್ಕಿತೆಂದರೆ, ಆಮೇಲೆ ಅದನ್ನು ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ವೆಬ್ ಆಫ್ ಸೈನ್ಸ್‌ನಲ್ಲಿ ನೋಡುತ್ತ ಮುಂದಕ್ಕೆ ಬರಬಹುದು. ಇಲ್ಲಿ ಪದಗಳ ಹೊಂದಾಣಿಕೆಯ ತಾಪತ್ರಯವೇ ಇಲ್ಲ, ಒಬ್ಬ ಲೇಖಕ ಇನ್ನೊಬ್ಬನನ್ನು ನೆನೆದನೇ ಎಂಬುದಷ್ಟೇ ಲೆಕ್ಕ.

1966ರ ಗೆರೆ ಹೋದರೂ ಅದರ ತಮ್ಮಂದಿರು ಉಳಿದಿದ್ದಾರೆ, ಅವರನ್ನು ನಾವೇ ಸಾಕಿಕೊಂಡಿದ್ದೇವೆ. ಒಮ್ಮೆ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಬಂದು, "ಸರ್, ನಮ್ಮ ಟಾಪಿಕ್ ಮೇಲೆ ಇಂಡಿಯಾದಲ್ಲಿ ಒಂದೇ ಒಂದು ಸ್ಟಡಿ ಆಗಿಲ್ಲ, ಗೈಡ್‌ಗೂ ಹಾಗೇ ಹೇಳಿಬಿಟ್ಟಿದ್ದೀನಿ" ಎಂದರು. ಅವರ ಪರದೆ ನೋಡಿದೆ. ಎಡಬದಿಯಲ್ಲಿ ಐದು ವರ್ಷ ಎಂಬ ಫಿಲ್ಟರ್‌ಗೆ ಟಿಕ್ ಬಿದ್ದಿತ್ತು. ಅದನ್ನು ಹಾಕಿದ್ದು ಹಿಂದಿನ ಯಾವುದೋ ಶೋಧಕ್ಕೆ. ತೆಗೆಯುವವರೆಗೂ ಫಿಲ್ಟರ್ ಮುಂದಿನ ಶೋಧಗಳಿಗೂ ಅಂಟಿಕೊಂಡೇ ಇರುತ್ತದೆ. ಫಲಿತಾಂಶದ ಮೇಲೆ ಸಣ್ಣದಾಗಿ ಒಂದು ಸೂಚನೆ ಬರುತ್ತದೆ, ಅವರು ಗಮನಿಸಿರಲಿಲ್ಲ. ಟಿಕ್ ತೆಗೆದಾಗ ಸಂಖ್ಯೆ ಏರಿದ್ದನ್ನು ಕಂಡು ಅವರ ಮುಖ ಬಿಳಿಚಿತು. ಗೈಡ್ ಹತ್ತಿರ ಮತ್ತೆ ಹೋಗಬೇಕಲ್ಲ ಎಂಬ ಚಿಂತೆ ಅದು, ಅಂಥ ದೊಡ್ಡ ವಿಷಯವೇನಲ್ಲ. ಆದರೆ ಒಂದು ಯಂತ್ರದ ಮಿತಿಯನ್ನು ಜಗತ್ತಿನ ಮಿತಿಯೆಂದು ಓದಿಕೊಂಡ ತಪ್ಪು ಬಾಲ್ಟಿಮೋರ್‌ನಲ್ಲಿ ಆದದ್ದೇ.

ನಮ್ಮ ನಾಡಿನದೇ ಉದಾಹರಣೆ ಬೇಕೆಂದರೆ ಮಂಗನ ಕಾಯಿಲೆ ಇದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಅದು ಪತ್ತೆಯಾದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬರೆದ ಮೊದಲ ವರದಿಯ ಶೀರ್ಷಿಕೆಯಲ್ಲಿದ್ದುದು ಶಿಮೊಗ ಜಿಲ್ಲೆ, ಮೈಸೂರು ಎಂಬ ಸ್ಥಳನಾಮ. ರಾಜ್ಯ ಕರ್ನಾಟಕವಾದದ್ದು 1973ರಲ್ಲಿ, ಇಂಗ್ಲಿಷಿನಲ್ಲಿ ಊರಿನ ಹೆಸರು ಶಿವಮೊಗ್ಗ ಎಂದಾದದ್ದು 2014ರಲ್ಲಿ. ಇಂದಿನ ಹೆಸರುಗಳನ್ನು ಹಾಕಿ ಹುಡುಕುವ ಶಿವಮೊಗ್ಗದ ವಿದ್ಯಾರ್ಥಿಗೆ ತನ್ನ ಊರಿನ ಕಾಯಿಲೆಯ ಮೊದಲ ವರದಿ ಸಿಗುವ ಭರವಸೆಯಿಲ್ಲ. ಹಾಗೆಯೇ, ಹೆಕ್ಸಾಮೆಥೋನಿಯಂನ ಲೇಖನ ಬಂದ ಅದೇ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ, ಐದು ವರ್ಷ ಮುಂಚೆ, 1949ರಲ್ಲಿ, ಮುಂಬಯಿಯ ರುಸ್ತಂ ಜಾಲ್ ವಕೀಲರು ರಕ್ತದೊತ್ತಡಕ್ಕೆ ಸರ್ಪಗಂಧದ ಉಪಯೋಗವನ್ನು ಜಗತ್ತಿಗೆ ತಿಳಿಸಿದ್ದರು. ಅದೂ 2001ರ ಪಬ್‌ಮೆಡ್‌ನಲ್ಲಿ ಗೆರೆಯ ಆಚೆಗೇ ಇತ್ತು.

ಸಿಕ್ಕಿದ್ದರೆ ಪ್ರಯೋಗ ನಿಲ್ಲುತ್ತಿತ್ತೇ

ಈ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳುತ್ತಾರೆ, ಪ್ರಾಮಾಣಿಕವಾಗಿಯೇ ಉತ್ತರಿಸಬೇಕು. 1950ರ ದಶಕದ ರೋಗಿಗಳು ತೀವ್ರ ರಕ್ತದೊತ್ತಡದವರು. ಅನೇಕರಿಗೆ ಹೃದಯ ಅಥವಾ ಮೂತ್ರಪಿಂಡ ಸೋತಿತ್ತು. ಔಷಧವನ್ನು ಅವರು ಬಾಯಿಯಿಂದಲೋ ಚುಚ್ಚುಮದ್ದಿನಿಂದಲೋ ತಿಂಗಳುಗಟ್ಟಲೆ ತೆಗೆದುಕೊಂಡಿದ್ದರು. ರೋಶ್ ಆರೋಗ್ಯವಂತರು, ಒಂದೇ ಸಲ ಉಸಿರಿನ ಮೂಲಕ ತೆಗೆದುಕೊಂಡವರು. ಶ್ವಾಸಕೋಶದ ಆ ಹಾನಿಗೆ ಔಷಧ ಕಾರಣವೋ ಮೂಲ ಕಾಯಿಲೆ ಕಾರಣವೋ ಎಂಬ ವಾದವೂ ಅಂದು ಇತ್ತು. ಆದ್ದರಿಂದ ಹಳೆಯ ಲೇಖನ ಓದಿದವರು ಇದು ನಮಗೆ ಅನ್ವಯಿಸದು ಎಂದು ಪಕ್ಕಕ್ಕಿಟ್ಟುಬಿಡುವ ಸಾಧ್ಯತೆ ಇಲ್ಲದಿಲ್ಲ. ಆದರೆ ಅಂಥ ಲೇಖನ ಕಡತದಲ್ಲಿದ್ದಿದ್ದರೆ ಮೊದಲ ಸ್ವಯಂಸೇವಕರ ಕೆಮ್ಮಿಗೆ ಬೇರೆಯದೇ ಅರ್ಥ ಬರುತ್ತಿತ್ತು ಎಂದು ನಾನು ನಂಬುತ್ತೇನೆ. ಊರಲ್ಲಿ ಹಬ್ಬಿದ ನೆಗಡಿ ಎಂದು ಅದನ್ನು ಬದಿಗಿಡುವುದು ಅಷ್ಟು ಸಲೀಸಾಗಿರುತ್ತಿರಲಿಲ್ಲ. ಎರಡನೆಯವರಿಗೆ ಕೊಡುವ ಮುನ್ನ ಯಾರಾದರೊಬ್ಬರು ಎದೆಯ ಎಕ್ಸ್-ರೇ ಕೇಳಬಹುದಿತ್ತು.

ಸಾವಿಗೆ ಹೆಕ್ಸಾಮೆಥೋನಿಯಂ ಒಂದೇ ಕಾರಣವಾಗಿತ್ತು ಅಥವಾ ಮುಖ್ಯ ಪಾತ್ರ ವಹಿಸಿತ್ತು ಎಂದು ವಿಶ್ವವಿದ್ಯಾಲಯದ ಆಂತರಿಕ ಸಮಿತಿಯೇ ಹೇಳಿತು. ಆಮೇಲೆ ಸಂಸ್ಥೆ ಮಾಡಿಕೊಂಡ ಬದಲಾವಣೆಗಳಲ್ಲಿ ಸಾಹಿತ್ಯ ಶೋಧಕ್ಕೆ ಗ್ರಂಥಪಾಲಕರನ್ನೂ ಔಷಧತಜ್ಞರನ್ನೂ ಜೊತೆಗೂಡಿಸಿಕೊಳ್ಳುವುದೂ ಒಂದಾಗಿತ್ತು. ಗ್ರಂಥಪಾಲಕರಿಗೆ ಇದು ಹೆಮ್ಮೆಯ ಸುದ್ದಿಯೆಂದು ನಮ್ಮವರು ಆಗ ಬರೆದದ್ದುಂಟು. ನನಗೆ ಹಾಗನ್ನಿಸುವುದಿಲ್ಲ. ಗ್ರಂಥಪಾಲಕರು ಪದ ಹುಡುಕಿಕೊಡಬಲ್ಲರು. ಯಾವ ಪ್ರಶ್ನೆ ಕೇಳಬೇಕೆಂಬುದು ಸಂಶೋಧಕರ ಮತ್ತು ನೈತಿಕ ಸಮಿತಿಯ ಹೊಣೆ. ಸಮಿತಿ ಅಂದು ಕೇಳಬಹುದಾಗಿದ್ದ ಸರಳ ಸಂಗತಿಗಳಿದ್ದವು: ಯಾವ ದತ್ತಸಂಚಯ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಪದಗಳು, ಯಾವ ದಿನ, ಎಷ್ಟು ದಾಖಲೆ ಬಂತು, ಎಷ್ಟನ್ನು ಓದಲಾಯಿತು. ಕ್ರಮಬದ್ಧ ಸಮೀಕ್ಷೆ ಬರೆಯುವವರು ಈಗ ಪ್ರಿಸ್ಮಾ ಮಾರ್ಗಸೂಚಿಯಂತೆ ಇದನ್ನೆಲ್ಲ ದಾಖಲಿಸುತ್ತಾರೆ. ಶೋಧದ ವರದಿಗೆಂದೇ 2021ರಲ್ಲಿ ಪ್ರತ್ಯೇಕ ವಿಸ್ತರಣೆ ಬಂದಿದೆ. ಮನುಷ್ಯರ ಮೇಲೆ ಹೊಸ ವಸ್ತುವನ್ನು ಪ್ರಯೋಗಿಸುವವರಿಂದ ಅಷ್ಟನ್ನೂ ಕೇಳದೆ, ಪ್ರಕಟಿತ ಲೇಖನಗಳನ್ನು ಒಟ್ಟುಗೂಡಿಸುವವರಿಂದ ಕೇಳುವುದು ವಿಚಿತ್ರವೇ ಸರಿ.

ನಮ್ಮ ಗ್ರಂಥಾಲಯದಲ್ಲಿ ಈಗ ಒಂದು ಪುಟದ ನಮೂನೆ ಇದೆ. ಪ್ರಸ್ತಾವಕ್ಕೆ ಸಾಹಿತ್ಯ ಶೋಧ ಬೇಕೆಂದು ಬರುವವರು ಅದನ್ನು ತುಂಬಬೇಕು. ಯಾವ ವರ್ಷದಿಂದ ಎಂಬ ಸಾಲಿನಲ್ಲಿ ಹೆಚ್ಚಿನವರು ಎಲ್ಲ ವರ್ಷಗಳು ಎಂದು ಬರೆಯುತ್ತಾರೆ. ಅದನ್ನು ಹೊಡೆದುಹಾಕಿ, ಆ ದತ್ತಸಂಚಯ ಶುರುವಾಗುವ ವರ್ಷವನ್ನು ಅಂಕಿಯಲ್ಲಿ ಬರೆಯಲು ಹೇಳುತ್ತೇನೆ. ಅದರ ಕೆಳಗಿನ ಸಾಲಿನಲ್ಲಿ ಹಾನಿಗಾಗಿ ಮಾಡಿದ ಪ್ರತ್ಯೇಕ ಶೋಧ ಎಂದಿದೆ. ಅಲ್ಲಿ ಮಾತ್ರ ಬಹಳಷ್ಟು ಜನ ಪೆನ್ನು ಎತ್ತಿ, ಇದಕ್ಕೇನು ಬರೆಯಬೇಕು ಎಂದು ಕೇಳುತ್ತಾರೆ. ಆಗ 1954ರ ಲೇಖನವನ್ನು ತೆರೆದು ತೋರಿಸುತ್ತೇನೆ. ಆ ಪತ್ರಿಕೆಯ ಹಳೆಯ ಸಂಚಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಇಟ್ಟಿದ್ದಾರೆ, ಹಣ ಕೊಡಬೇಕಿಲ್ಲ. ಪುಟಗಳು ಸ್ವಲ್ಪ ಮಸುಕಾಗಿವೆ, ಎಕ್ಸ್-ರೇ ಚಿತ್ರಗಳ ನೆರಳು ಮಾತ್ರ ಈಗಲೂ ಸ್ಪಷ್ಟವಾಗಿ ಕಾಣುತ್ತದೆ.